ಬಿಸಿ ಬಾರದ ಹೀಟರು, ಬೋರ್‌ವೆಲ್ ನೀರು

ಮಾಗಿಯ ದಿನಗಳಲ್ಲಿ ಬೆಳಗಿನ ಜಾವ ನಾಲ್ಕೂವರೆ ಐದರ ಹೊತ್ತಿಗೆ ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪಿಕಪ್ ವಾಹನಗಳದೇ ಸಾಲು. ಒಂದರಲ್ಲಿ ಸೇವಂತಿಗೆ ಹೂವಿನ ಮೂಟೆ, ಇನ್ನೊಂದರಲ್ಲಿ ಚಿಂತಾಮಣಿ ಕಡೆಯ ಟೊಮೆಟೊ, ಮತ್ತೊಂದರಲ್ಲಿ ಕೋಸು, ಸೊಪ್ಪು. ಎದುರು ದಿಕ್ಕಿನಲ್ಲಿ ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ಬರುವ ಗಾಡಿಗಳು. ನಂದಿ ಬೆಟ್ಟದ ಸಾಲಿನಿಂದ ಇಳಿದ ಮಂಜು ರಸ್ತೆಯ ಮೇಲೆ ಮಲಗಿರುತ್ತದೆ. ಆ ಗಾಡಿಗಳಲ್ಲಿ ಹಳೆಯವು ಯಾವುವು ಎಂದು ದೂರದಿಂದಲೇ ಹೇಳಬಹುದು. ಚಾಲಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಟವೆಲ್ಲಿನಿಂದ ಮುಂದಿನ ಗಾಜನ್ನು ಒಳಗಿನಿಂದ ಒರೆಸುತ್ತಿದ್ದರೆ ಆ ಗಾಡಿಯ ಹೀಟರು ಕೆಟ್ಟಿದೆ ಎಂದೇ ಅರ್ಥ.

'ಬೆಂಗಳೂರು ಸೀಮೆಯಲ್ಲಿ ಹೀಟರು ಯಾರಿಗೆ ಬೇಕು ಸ್ವಾಮಿ, ಕಂಬಳಿ ಹೊದ್ದರೆ ಸಾಕು' ಎಂಬ ಮಾತು ಸಾಮಾನ್ಯ. ಕಂಬಳಿ ಮೈಯನ್ನು ಬೆಚ್ಚಗಿಡಬಲ್ಲದು, ಗಾಜನ್ನಲ್ಲ. ಪಿಕಪ್ಪಿನ ಕ್ಯಾಬಿನ್ನಿನಲ್ಲಿ ಚಾಲಕನ ಜೊತೆ ಒಬ್ಬರೋ ಇಬ್ಬರೋ ಕೂತಿರುತ್ತಾರೆ. ಅವರಲ್ಲಿ ಎಷ್ಟೋ ಸಲ ಬೆಳಗಿನ ತರಗತಿಗೆಂದು ಊರಿನಿಂದ ಪಟ್ಟಣಕ್ಕೆ ಹೊರಟ ಮನೆಯ ಮಕ್ಕಳೂ ಇರುತ್ತಾರೆ. ಇಷ್ಟು ಜನರ ಉಸಿರಿನ ತೇವವೆಲ್ಲ ತಣ್ಣನೆಯ ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ. ಎದುರಿನ ಟ್ರಾಕ್ಟರಿಗೆ ಹಿಂದಿನ ದೀಪವಿಲ್ಲದಿದ್ದರೆ ಮುಂದೇನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾಜು ಮಸುಕಾಗುವುದರ ಲೆಕ್ಕ ಪ್ರೌಢಶಾಲೆಯ ಪಾಠದಲ್ಲೇ ಇದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 9 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಸುಮಾರು 30 ಗ್ರಾಂ ಹಿಡಿಸುತ್ತದೆ. ಹೊರಗಿನ ಮಂಜಿನ ಗಾಳಿ ಒದ್ದೆ ಒದ್ದೆಯಾಗಿ ಕಂಡರೂ, ಅದನ್ನು ಒಳಗೆ ಎಳೆದು ಬಿಸಿ ಮಾಡಿದ ಕೂಡಲೇ ಬಾಯಾರಿದ ಗಾಳಿಯಾಗುತ್ತದೆ. ಗಾಜಿನ ಮೇಲೆ ಬೀಸಿದರೆ ಹನಿಗಳನ್ನು ಹೀರಿಕೊಳ್ಳುತ್ತದೆ, ಗಾಜನ್ನೂ ಬೆಚ್ಚಗಾಗಿಸುತ್ತದೆ. ಹೊಗೆಸೊಪ್ಪು ಉಜ್ಜುವುದು, ಹೆಚ್ಚಿದ ಆಲೂಗಡ್ಡೆ ಸವರುವುದು ಮೊದಲಾದ ಹಳೆಯ ಚಾಲಕರ ಉಪಾಯಗಳು ಗಾಜಿನ ಹೊರಮೈಯ ಮಳೆನೀರಿಗೆ ಸ್ವಲ್ಪ ಕೆಲಸ ಮಾಡಿಯಾವು. ಒಳಮೈಯ ಹಬೆಗೆ ಬಿಸಿಗಾಳಿಯೇ ಮದ್ದು.

ಈ ಬಿಸಿ ಎಲ್ಲಿಂದ ಬರುತ್ತದೆ? ಹಳೆಯ ಪಿಕಪ್ಪಿನಲ್ಲಿ ಹೀಟರು ಎಂದರೆ ಬೇರೊಂದು ಒಲೆಯಲ್ಲ. ಎಂಜಿನ್ನಿನಲ್ಲಿ ಉರಿದ ಡೀಸೆಲ್ಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ಓಡಿಸುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಮಿಕ್ಕ ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ಮುಂದಿನ ರೇಡಿಯೇಟರಿಗೆ ಹೋಗಿ ಗಾಳಿಗೆ ಚೆಲ್ಲುತ್ತದೆ. ಹೇಗೂ ಚೆಲ್ಲುವ ಈ ಬಿಸಿಯಲ್ಲಿ ಸ್ವಲ್ಪವನ್ನು ಒಂದು ಕೊಳವೆಯ ಮೂಲಕ ಡ್ಯಾಷ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಕಳಿಸುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು ಹೀಟರ್ ಕೋರ್ ಎನ್ನುತ್ತಾರೆ. ಅದರ ಹಿಂದೆ ಒಂದು ಫ್ಯಾನು. ಫ್ಯಾನು ಬೀಸಿದ ಗಾಳಿ ಕೋರಿನ ಸಂದುಗಳಲ್ಲಿ ಹಾದು ಬಿಸಿಯಾಗಿ ಒಳಗೆ ಬರುತ್ತದೆ. ಇಷ್ಟೇ ಯಂತ್ರ.

ಇಷ್ಟು ಸರಳವಾದ್ದರಿಂದಲೇ ಹೀಟರಿನ ಬಿಸಿ ಕಡಿಮೆಯಾಯಿತೆಂದರೆ ಅದು ಕೇವಲ ಹೀಟರಿನ ಸುದ್ದಿಯಲ್ಲ, ಎಂಜಿನ್ ನೀರಿನ ಸುದ್ದಿ. ವೈದ್ಯರು ನಾಡಿ ಹಿಡಿದು ನೋಡುವ ಹಾಗೆ ಹೀಟರಿನ ಗಾಳಿಗೆ ಕೈಯೊಡ್ಡಿ ಎಂಜಿನ್ನಿನ ಆರೋಗ್ಯವನ್ನು ಊಹಿಸಬಹುದು. ಇದನ್ನು ಅರಿಯದೆ 'ಕೋರ್ ಹೋಗಿದೆ, ಹೊಸದು ಹಾಕಿಸಿ' ಎಂದು ಯಾರೋ ಹೇಳಿದ ಕೂಡಲೇ ದುಡ್ಡು ಎಣಿಸುವವರು ಬಹಳ. ಕೋರ್ ಬದಲಿಸಲು ಅನೇಕ ಗಾಡಿಗಳಲ್ಲಿ ಇಡೀ ಡ್ಯಾಷ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ. ಎರಡು ದಿನದ ಕೆಲಸ, ಎರಡು ದಿನದ ಬಾಡಿಗೆಗೂ ಖೋತಾ. ಅದಕ್ಕೆ ಮೊದಲು ಕಾಸಿಲ್ಲದೆ ಮಾಡಬಹುದಾದ ಪರೀಕ್ಷೆಗಳು ಹಲವಿವೆ.

ಮೊದಲನೆಯದು, ಗಾಡಿಯಲ್ಲಿ ಹೀಟರು ಇದೆಯೇ ಎಂದು ನೋಡುವುದು! ನಗುವ ಮಾತಲ್ಲ. ಕಡಿಮೆ ಬೆಲೆಯ ಪಿಕಪ್ಪುಗಳಲ್ಲಿ ಬರಿಯ ಫ್ಯಾನು ಮಾತ್ರ ಇಟ್ಟು, ಹೀಟರನ್ನೇ ಕೊಡದೆ ಮಾರಿದ್ದು ಉಂಟು. ಇನ್ನು ಕೈ ಬದಲಾಯಿಸಿದ ಗಾಡಿಗಳಲ್ಲಿ ಇನ್ನೊಂದು ಚಮತ್ಕಾರ ಕಾಣುತ್ತದೆ. ಹಿಂದೆಂದೋ ಕೋರ್ ಸೋರಿದಾಗ ಯಾರೋ ಎರಡು ಕೊಳವೆಗಳನ್ನೂ ಬಿಚ್ಚಿ, ಎಂಜಿನ್ನಿನ ಹತ್ತಿರವೇ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದಿರುತ್ತಾರೆ. ನೀರು ಕೋರಿನ ಕಡೆಗೆ ಹೋಗುವುದೇ ಇಲ್ಲ. ಹೊಸ ಮಾಲೀಕ ಬಟನ್ ತಿರುಗಿಸಿ ತಿರುಗಿಸಿ ಸೋಲುತ್ತಾನೆ. ಬಾನೆಟ್ ಎತ್ತಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು. ಸರ್ಕಾರ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಆದರೆ ಒಟ್ಟು ತೂಕ ಮೂರೂವರೆ ಟನ್ನಿನೊಳಗಿನ ಪಿಕಪ್ಪುಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಹಳೆಯ ಹೀಟರಿನ ಕಥೆ ಇನ್ನೂ ಬಹುಕಾಲ ಇದ್ದೇ ಇರುತ್ತದೆ.

ಎರಡನೆಯದು ನೀರಿನ ಮಟ್ಟ. ಇದನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಎಂದರೆ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಹೊರಡಿಸುವ ಮೊದಲು ನೋಡಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು. ಏಕೆಂಬುದನ್ನು ವಿದ್ಯಾರ್ಥಿಗಳು ಪ್ರೆಷರ್ ಕುಕ್ಕರಿನಿಂದ ತಿಳಿಯಬಹುದು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1478 ಮೀಟರ್ ಎತ್ತರದ ನಂದಿಯ ತುದಿಯಲ್ಲಿ ಸುಮಾರು 95ಕ್ಕೇ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಈ ಕುದಿಬಿಂದುವನ್ನು ಸುಮಾರು 20 ಡಿಗ್ರಿಯಷ್ಟು ಮೇಲಕ್ಕೆ ಒಯ್ಯುತ್ತದೆ. 105 ಡಿಗ್ರಿಯಲ್ಲಿ ಕುದಿಯದೆ ಸುಮ್ಮನಿದ್ದ ನೀರು ಮುಚ್ಚಳ ತೆಗೆದ ಮರುಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಗ್ಯಾರೇಜುಗಳಲ್ಲಿ ಆಗುವ ಸುಟ್ಟಗಾಯಗಳಿಗೆ ಇದೊಂದು ಮುಖ್ಯ ಕಾರಣ. ಹುಡುಗರನ್ನು ಹತ್ತಿರ ಬಿಡಬಾರದು.

ನೀರು ಕಡಿಮೆಯಿದ್ದರೆ ಮೊದಲು ಪೆಟ್ಟು ಬೀಳುವುದು ಹೀಟರಿಗೆ. ಕೋರ್ ಇರುವುದು ಸಾಮಾನ್ಯವಾಗಿ ಎತ್ತರದಲ್ಲಿ. ಮಟ್ಟ ಇಳಿದಾಗ ಅಲ್ಲಿಗೆ ನೀರಿನ ಬದಲು ಗಾಳಿ ಸೇರುತ್ತದೆ. ಡ್ಯಾಷ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿಸಿದರೆ ಇದೇ ರೋಗ. ಗಾಡಿ ಓಡುವಾಗ ಬಿಸಿಗಾಳಿ ಬಂದು, ಸಿಗ್ನಲ್ಲಿನಲ್ಲಿ ನಿಂತಾಗ ತಣ್ಣಗಾದರೂ ಮೊದಲು ಶಂಕಿಸಬೇಕಾದ್ದು ಇದನ್ನೇ. ಆಮೇಲೆ ನೀರಿನ ಪಂಪನ್ನು. ನೀರು ಹಾಕಿ ತುಂಬಿಸಿದರೆ ಮುಗಿಯಲಿಲ್ಲ, ಎಲ್ಲಿಗೆ ಹೋಯಿತು ಎಂದು ಹುಡುಕಬೇಕು. ಕಾಲಡಿಯ ಮ್ಯಾಟು ಒದ್ದೆಯಾಗಿ, ಸಿಹಿ ವಾಸನೆ ಬಂದು, ಗಾಜಿನ ಮೇಲೆ ಒರೆಸಿದಷ್ಟೂ ಜಿಡ್ಡಾಗುವ ಪೊರೆ ಕಟ್ಟುತ್ತಿದ್ದರೆ ಕೋರೇ ಸೋರುತ್ತಿದೆ. ಆಗ ಬದಲಿಸದೆ ಗತಿಯಿಲ್ಲ.

ಮೂರನೆಯದು ಥರ್ಮೋಸ್ಟಾಟ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ಹಳೆಯ ಪಿಕಪ್ಪುಗಳ ತಣ್ಣನೆಯ ಹೀಟರಿಗೆ ಬಹುಪಾಲು ಕಾರಣ, ಕೆಟ್ಟ ಥರ್ಮೋಸ್ಟಾಟ್ ಕೂಡ ಅಲ್ಲ, ಕಿತ್ತು ಬಿಸಾಡಿದ ಥರ್ಮೋಸ್ಟಾಟ್.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಅವರು ರೂಪಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳನ್ನು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಮಟ್ಟ ಮೀರಿದರೆ ಯಾರೂ ಮುಟ್ಟದೆ ತಾನಾಗಿ ತೆರೆಯುತ್ತದೆ, ಇಳಿದರೆ ತಾನಾಗಿ ಮುಚ್ಚುತ್ತದೆ. ಅಣೆಕಟ್ಟಿಗೆ ಅಪಾಯವಾಗದಂತೆ ಹೆಚ್ಚು ನೀರು ನಿಲ್ಲಿಸಿಕೊಳ್ಳುವ ಉಪಾಯ ಅದು. ಎಂಜಿನ್ನಿನ ಥರ್ಮೋಸ್ಟಾಟ್ ಇದೇ ಜಾತಿಯ ಬಾಗಿಲು. ಅಲ್ಲಿ ನೀರಿನ ಮಟ್ಟ, ಇಲ್ಲಿ ನೀರಿನ ಬಿಸಿ. ಒಂದು ಪುಟ್ಟ ಹಿತ್ತಾಳೆಯ ಬಟ್ಟಲಲ್ಲಿ ಮೇಣ ತುಂಬಿರುತ್ತಾರೆ. ನೀರು 82 ಅಥವಾ 88 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ಅಲ್ಲಿಯವರೆಗೆ ನೀರು ಎಂಜಿನ್ನಿನೊಳಗೇ, ಹೀಟರ್ ಕೋರಿನಲ್ಲೇ ಸುತ್ತುತ್ತ ಬೇಗ ಬಿಸಿಯಾಗುತ್ತದೆ. ತೆರೆಯುವ ಉಷ್ಣತೆಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ.

ಬೇಸಿಗೆಯಲ್ಲಿ ಗಾಡಿ ಕಾದು ನಿಂತಿತೆಂದರೆ ಸಾಕು, ಮೊದಲು ಮಾಡುವ ಚಿಕಿತ್ಸೆ ಈ ಬಾಗಿಲನ್ನೇ ಕಿತ್ತುಹಾಕುವುದು. 'ಇದು ಫಾರಿನ್ ಚಳಿಗೆ ಮಾಡಿದ್ದು, ಇಲ್ಲಿಗೆ ಬೇಡ' ಎಂಬ ಸಮಾಧಾನ ಬೇರೆ. ನೆರೆ ಬಂದೀತೆಂಬ ಹೆದರಿಕೆಯಿಂದ ಅಣೆಕಟ್ಟಿನ ಬಾಗಿಲುಗಳನ್ನೆಲ್ಲ ತೆಗೆದುಬಿಟ್ಟಂತೆ ಇದು. ನೆರೆ ಬಾರದು, ನೀರೂ ನಿಲ್ಲದು. ಬಾಗಿಲಿಲ್ಲದ ಎಂಜಿನ್ನಿನಲ್ಲಿ ನೀರು ಶುರುವಿನಿಂದಲೇ ರೇಡಿಯೇಟರಿಗೆ ಹೋಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ದೇವನಹಳ್ಳಿ ದಾಟಿದರೂ ಸೂಜಿ ಕೆಳಗೇ ಮಲಗಿರುತ್ತದೆ. ಹೀಟರಿನಲ್ಲಿ ಉಗುರುಬೆಚ್ಚನೆಯ ಗಾಳಿ. ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಎಂಜಿನ್ ಆಯಿಲ್ಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಸವೆತ ಹೆಚ್ಚುತ್ತದೆ, ಮೈಲೇಜು ಇಳಿಯುತ್ತದೆ. ಸುಮಾರು 300 ರೂಪಾಯಿಯಿಂದ ಸಾವಿರದೊಳಗೆ ಸಿಗುವ ಒಂದು ಭಾಗವನ್ನು ಉಳಿಸಿ ಎಂಜಿನ್ನನ್ನು ಸವೆಸುವುದು ಯಾವ ಜಾಣತನವೋ! ಅಷ್ಟೇ ಅಲ್ಲ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಒಳಸುತ್ತಿನ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥದರಲ್ಲಿ ಅದನ್ನು ಕಿತ್ತರೆ ನೀರು ರೇಡಿಯೇಟರಿಗೆ ಪೂರ್ತಿ ಹೋಗದೆ ಒಳಗೇ ಸುತ್ತುತ್ತದೆ. ಚಳಿಗಾಲದಲ್ಲಿ ತಣ್ಣಗೆ, ಬೇಸಿಗೆಯಲ್ಲಿ ಮೊದಲಿಗಿಂತ ಹೆಚ್ಚು ಬಿಸಿ. ಯಾವ ಕಾಯಿಲೆಗೆಂದು ಮದ್ದು ಮಾಡಿದರೋ ಅದೇ ಕಾಯಿಲೆ ಮರಳಿ ಬರುತ್ತದೆ.

ಪರೀಕ್ಷೆ ಸುಲಭ. ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿದ ಮೇಲೂ ಸೂಜಿ ನಡುಭಾಗದ ಹತ್ತಿರಕ್ಕೆ ಬಾರದಿದ್ದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದ ಬಾಯಿಯಲ್ಲೇ ಸಿಕ್ಕಿಕೊಂಡಿದೆ. ನಿಂತಲ್ಲೇ ಎಂಜಿನ್ ಓಡಿಸಿ ಕಾಯುವುದು ಪರೀಕ್ಷೆಯಲ್ಲ. ಡೀಸೆಲ್ ಎಂಜಿನ್ ಹೊರೆಯಿಲ್ಲದೆ ಓಡುವಾಗ ಬಲು ಕಡಿಮೆ ಇಂಧನ ಉರಿಸುತ್ತದೆ, ಬಿಸಿಯೂ ಅಷ್ಟಕ್ಕಷ್ಟೇ. ಬಿಚ್ಚಿ ತಂದ ಥರ್ಮೋಸ್ಟಾಟನ್ನು ಮನೆಯಲ್ಲಿ ಪರೀಕ್ಷಿಸುವುದು ಮಕ್ಕಳಿಗೊಂದು ಒಳ್ಳೆಯ ಪ್ರಯೋಗವೂ ಹೌದು. ಅಡುಗೆಗೆ ಮತ್ತೆಂದೂ ಬಳಸದ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ತಳ ತಾಗದಂತೆ ದಾರದಲ್ಲಿ ಅದನ್ನು ತೂಗುಬಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಹಿಡಿದು, ದೊಡ್ಡವರು ಜೊತೆಗಿದ್ದು ಕಾಯಿಸಬೇಕು. ಅಚ್ಚು ಹಾಕಿದ ಅಂಕಿಯ ಆಸುಪಾಸಿನಲ್ಲಿ ಮೊಗ್ಗು ಬಿರಿದಂತೆ ಬಾಗಿಲು ತೆರೆಯುವುದನ್ನು ನೋಡಬಹುದು. ತಣ್ಣೀರಿನಲ್ಲೇ ತೆರೆದಿದ್ದರೆ ಅದರ ಕಾಲ ಮುಗಿಯಿತು.

ನಾಲ್ಕನೆಯ ಪರೀಕ್ಷೆಯೇ ಎಲ್ಲಕ್ಕಿಂತ ಹೆಚ್ಚು ಹೇಳುವಂಥದು. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಹೀಟರಿನ ಗುಂಡಿಯನ್ನು ಪೂರ್ತಿ ಕೆಂಪಿಗೆ ತಿರುಗಿಸಿ ಫ್ಯಾನು ಹಾಕಿ, ಆಮೇಲೆ ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಬೇಕು. ಎಂಜಿನ್ನಿನಿಂದ ಕ್ಯಾಬಿನ್ನಿನ ಗೋಡೆಯೊಳಕ್ಕೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ಬಟ್ಟೆ ಹಿಡಿದು ಕ್ಷಣಮಾತ್ರ ಮುಟ್ಟಿ ನೋಡಬೇಕು. ಒಂದು ಬಿಸಿನೀರು ಒಯ್ಯುವುದು, ಇನ್ನೊಂದು ಮರಳಿ ತರುವುದು. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಬಿಸಿಯಾಗಿಲ್ಲ, ಥರ್ಮೋಸ್ಟಾಟಿನ ಕಡೆಗೆ ಮರಳಬೇಕು. ಎರಡೂ ಮುಟ್ಟಲಾರದಷ್ಟು ಬಿಸಿಯಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ನೀರಿನ ತಪ್ಪಲ್ಲ, ಗಾಳಿಯ ದಾರಿಯಲ್ಲಿ ಏನೋ ಎಡವಟ್ಟಾಗಿದೆ. ಒಂದು ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ? ನೀರು ಕೋರಿನಲ್ಲಿ ಹರಿಯುತ್ತಿಲ್ಲ, ತೊಟ್ಟಿಕ್ಕುತ್ತಿದೆ.

ಹರಿವು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ 4.2 ಕಿಲೋಜೂಲ್ ಶಾಖ ಬಿಡುತ್ತದೆ. ನಿಮಿಷಕ್ಕೆ 5 ಲೀಟರ್ ನೀರು ಕೋರಿನಲ್ಲಿ ಹರಿದು 10 ಡಿಗ್ರಿ ತಣ್ಣಗಾಗಿ ಹೊರಬಂದರೆ ನಿಮಿಷಕ್ಕೆ 210 ಕಿಲೋಜೂಲ್, ಎಂದರೆ ಮೂರೂವರೆ ಕಿಲೋವ್ಯಾಟ್. ಸ್ನಾನದ ನೀರು ಕಾಯಿಸುವ ಎರಡು ಕಾಯಿಲ್‌ಗಳನ್ನು ಒಟ್ಟಿಗೆ ಹಚ್ಚಿದ್ದಕ್ಕಿಂತ ಹೆಚ್ಚು. ಅದೇ ಕೋರ್ ಕಟ್ಟಿಕೊಂಡು ನಿಮಿಷಕ್ಕೆ ಅರ್ಧ ಲೀಟರ್ ಮಾತ್ರ ಹರಿದರೆ, ಆ ನೀರು 30 ಡಿಗ್ರಿಯಷ್ಟು ತಣ್ಣಗಾದರೂ ಸಿಗುವುದು 63 ಕಿಲೋಜೂಲ್, ಬರಿಯ ಒಂದು ಕಿಲೋವ್ಯಾಟ್. ನೀರಿನ ಬಿಸಿ ಅಷ್ಟೇ ಇದೆ, ಎಂಜಿನ್ನೂ ಸರಿಯಾಗಿದೆ, ಆದರೆ ಗಾಜು ಒಣಗುವುದಿಲ್ಲ.

ಕೋರ್ ಕಟ್ಟಿಕೊಳ್ಳುವುದೇಕೆ? ಇದರ ಉತ್ತರ ಆ ಜಿಲ್ಲೆಯ ನೆಲದಲ್ಲೇ ಇದೆ. ಪೆನ್ನಾರ್, ಪಾಲಾರ್, ಚಿತ್ರಾವತಿ, ಅರ್ಕಾವತಿಗಳು ಹುಟ್ಟುವುದು ನಂದಿ ಬೆಟ್ಟದ ಆಸುಪಾಸಿನಲ್ಲಿ. ಆದರೂ ವರ್ಷವಿಡೀ ಹರಿಯುವ ಒಂದು ಹೊಳೆಯೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಗಿಲ್ಲ. ಕೆರೆ ಒಣಗಿದ ಮೇಲೆ ಕೊಳವೆ ಬಾವಿಯೇ ಗತಿ. ಅವೂ ಸಾವಿರ ಅಡಿ ದಾಟಿ ಕೆಳಗಿಳಿದಿವೆ. ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಇದೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಪರೀಕ್ಷೆ ಮಾಡಿಸದಿದ್ದರೂ ಮನೆಯಲ್ಲಿ ಗುರುತು ಸಿಗುತ್ತದೆ. ಸೋಪು ನೊರೆ ಬಾರದು, ಬೇಳೆ ಬೇಗ ಬೇಯದು, ನೀರು ಕಾಯಿಸುವ ಕಾಯಿಲ್ಲಿನ ಮೇಲೆ ಬಿಳಿಯ ಕವಚ ಕಟ್ಟುತ್ತದೆ. ಗೂಡು ಬೇಯಿಸುವ ನೀರು ಗಡಸಾದರೆ ನೂಲಿನ ಗುಣ ಕೆಡುತ್ತದೆಂದು ಶಿಡ್ಲಘಟ್ಟದ ರೀಲರುಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದೇ ಊರಿನ ಗಾಡಿಗಳ ರೇಡಿಯೇಟರಿಗೆ ಮಾತ್ರ ಅದೇ ನೀರನ್ನು ಕ್ಯಾನಿನಲ್ಲಿ ತಂದು ಸುರಿಯುತ್ತಾರೆ.

(ಫ್ಲೋರೈಡಿನ ಮಾತು ಬೇರೆ. ಹಲ್ಲಿಗೆ, ಮೂಳೆಗೆ ಕೇಡು ಮಾಡುವ ಆ ಲವಣಕ್ಕೂ ಕಾಯಿಲ್ಲಿನ ಬಿಳಿ ಕವಚಕ್ಕೂ ಸಂಬಂಧವಿಲ್ಲ. ಗಡಸಲ್ಲದ ನೀರಿನಲ್ಲೂ ಫ್ಲೋರೈಡ್ ಹೆಚ್ಚಿರಬಹುದು. ಪೋಷಕರು ಎರಡನ್ನೂ ಒಂದೆಂದು ತಿಳಿದು ಮೋಸಹೋಗಬಾರದು.)

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿಯಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಗೋಡೆಗೆ ಅಂಟುತ್ತದೆ. ಸುಣ್ಣದ ಕಲ್ಲು ಎಂದರೂ ಆದೀತು. ತಾಮ್ರಕ್ಕೆ ಹೋಲಿಸಿದರೆ ಈ ಕಲ್ಲು ಶಾಖವನ್ನು ದಾಟಿಸುವುದು ನೂರರಲ್ಲೊಂದು ಪಾಲಿಗೂ ಕಡಿಮೆ. ಒಂದು ಸಲ ತುಂಬಿಸಿದ ನೀರು ಅಷ್ಟೇನೂ ಕೇಡು ಮಾಡದು, ಅದರಲ್ಲಿರುವ ಸುಣ್ಣ ಒಮ್ಮೆ ಕೂತು ಮುಗಿಯುತ್ತದೆ. ಸೋರುವ ಗಾಡಿಗೆ ದಿನಾ ಒಂದು ಲೀಟರ್ ಹೊಸ ನೀರು ಹಾಕುತ್ತ ಬಂದರೆ ದಿನಾ ಹೊಸ ಸುಣ್ಣವನ್ನೂ ಹಾಕಿದಂತೆ. ಅದರ ಜೊತೆ ಎಂಜಿನ್ನಿನ ಕಬ್ಬಿಣದ ತುಕ್ಕು ಸೇರಿ ಕೆಂಪು ಕೆಸರಾಗುತ್ತದೆ. ಮುಂದಿನ ದೊಡ್ಡ ರೇಡಿಯೇಟರಿಗಿಂತ ಹೀಟರಿನ ಕೋರ್ ಚಿಕ್ಕದು, ಅದರಲ್ಲಿ ಹರಿವೂ ನಿಧಾನ. ಬೆಂಗಳೂರು ಸೀಮೆಯಲ್ಲಿ ವರ್ಷದ ಹತ್ತು ತಿಂಗಳು ಹೀಟರನ್ನು ಯಾರೂ ಹಾಕುವುದಿಲ್ಲವಾದ್ದರಿಂದ, ನಲ್ಲಿಯಿರುವ ಗಾಡಿಗಳಲ್ಲಿ ನೀರು ಅಲ್ಲೇ ನಿಂತು ಕೆಸರು ತಳಕಟ್ಟುತ್ತದೆ. ನಲ್ಲಿಯೂ ಅಲ್ಲೇ ಬಿಗಿದುಕೊಳ್ಳುತ್ತದೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಐದು ನಿಮಿಷ ಹೀಟರ್ ಹಾಕಿ ಆರಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕಟ್ಟಿಕೊಂಡ ಕೋರನ್ನು ಬದಲಿಸುವ ಮೊದಲು ತೊಳೆದು ನೋಡಬೇಕು. ತಣ್ಣಗಿರುವ ಎಂಜಿನ್ನಿನ ಎರಡು ಹೀಟರ್ ಕೊಳವೆಗಳನ್ನೂ ಬಿಚ್ಚಿ, ನೀರು ಮರಳಿ ಬರುವ ಬಾಯಿಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಹರಿವಿನ ಎದುರು ದಿಕ್ಕಿನಲ್ಲಿ ತೊಳೆದರೆ ಸಿಕ್ಕಿಕೊಂಡ ಕಸ ಬಿಡಿಸಿಕೊಳ್ಳುತ್ತದೆ. ಕೆಂಪು ನೀರು ತಿಳಿಯಾಗುವವರೆಗೆ ದಿಕ್ಕು ಬದಲಿಸುತ್ತ ಮಾಡಬೇಕು. ಗಾಡಿ ತೊಳೆಯುವ ಪ್ರೆಷರ್ ಪಂಪನ್ನು ಇದಕ್ಕೆ ಬಳಸಿದರೆ ಹಳೆಯ ಕೋರ್ ಸೀಳಿಹೋಗುತ್ತದೆ. ಗಟ್ಟಿ ಸುಣ್ಣವನ್ನು ಕರಗಿಸಲು ಆಮ್ಲ ಬೇಕು. ಕಾಯಿಲ್ಲಿನ ಕವಚದ ಚೂರಿಗೆ ನಿಂಬೆರಸ ಹಾಕಿ ಗುಳ್ಳೆ ಏಳುವುದನ್ನು ನೋಡಿದ ಮಕ್ಕಳಿಗೆ ಇದರ ಹಿಂದಿನ ಕ್ರಿಯೆ ಅರ್ಥವಾಗುತ್ತದೆ. ಆದರೆ ಗಾಡಿಗೆ ಕಂಡ ಕಂಡ ಆಮ್ಲ ಹಾಕುವುದು, ಕಾಸ್ಟಿಕ್ ಸೋಡಾ ಸುರಿಯುವುದು ಅಪಾಯ. ಕೋರ್ ತಾಮ್ರ ಹಿತ್ತಾಳೆಯದಲ್ಲದೆ ಅಲ್ಯೂಮಿನಿಯಮ್ಮಿನದಾಗಿದ್ದರೆ ಕಾಸ್ಟಿಕ್ ಸೋಡಾ ಸುಣ್ಣವನ್ನು ಬಿಟ್ಟು ಕೋರನ್ನೇ ತಿನ್ನುತ್ತದೆ. ಆ ಕೆಲಸ ಅನುಭವಿ ರೇಡಿಯೇಟರ್ ಅಂಗಡಿಯವರಿಗೆ ಬಿಟ್ಟದ್ದು.

ತೊಳೆದ ಮೇಲೆ ಮತ್ತೆ ಬೋರಿನ ನೀರನ್ನೇ ತುಂಬಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಬೆರೆಸಿ ಸಿದ್ಧಪಡಿಸಿದ ಕೂಲೆಂಟ್, ಇಲ್ಲವೇ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿದ ಕೂಲೆಂಟ್ ಹಾಕಬೇಕು. 'ಹಿಮ ಬೀಳುವ ದೇಶಕ್ಕೆ ತಾನೆ ಕೂಲೆಂಟ್?' ಎನ್ನುವವರಿದ್ದಾರೆ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ ಮಾತ್ರ, ತುಕ್ಕು ತಡೆಯುವುದು ಇನ್ನೊಂದು. ಚಿಕ್ಕಬಳ್ಳಾಪುರಕ್ಕೆ ಬೇಕಾದ್ದು ಆ ಎರಡನೆಯದು. ದಾರಿಯಲ್ಲಿ ನೀರು ಹಾಕಲೇಬೇಕಾದ ಪ್ರಸಂಗ ಬಂದರೆ ಊರಿನ ಶುದ್ಧ ನೀರಿನ ಘಟಕದ್ದು ಬೋರಿನ ನೀರಿಗಿಂತ ಎಷ್ಟೋ ವಾಸಿ. ಅದರಲ್ಲಿ ಸುಣ್ಣ ಕಡಿಮೆ. ಆದರೆ ತುಕ್ಕನ್ನು ತಡೆಯುವ ಶಕ್ತಿ ಅದಕ್ಕಿಲ್ಲ, ಆದ್ದರಿಂದ ಅದೇ ಕಾಯಂ ಆಗಬಾರದು.

ನೀರು ಬದಲಿಸಿದ ಮೇಲೆ ಹೀಟರು ಮೊದಲಿಗಿಂತ ತಣ್ಣಗಾಯಿತು ಎಂದು ದೂರುವವರೂ ಉಂಟು. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಡಿಯ ಮೂತಿ ಮೇಲಾಗುವಂತೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗಿಟ್ಟು ಎಂಜಿನ್ ಚಾಲೂ ಮಾಡಬೇಕು. ಗುಳ್ಳೆಗಳು ಬರುವುದು ನಿಂತ ಮೇಲೆ, ನೀರು ಬಿಸಿಯೇರುವ ಮೊದಲೇ, ಮಟ್ಟ ತುಂಬಿಸಿ ಮುಚ್ಚಬೇಕು. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಉರಿದ ಅನಿಲ ನೀರಿಗೆ ನುಗ್ಗುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು, ತಡಮಾಡಬಾರದು.

ಗಾಳಿಯ ದಾರಿಯ ಕೆಲಸ ಸಣ್ಣದು. ಗುಂಡಿ ತಿರುಗಿಸಿದರೂ ಕೇಬಲ್ ಕೊಕ್ಕೆಯಿಂದ ಜಾರಿ ಒಳಗಿನ ಪಟ್ಟಿ ತಿರುಗದಿರಬಹುದು, ಫ್ಯಾನು ಸವೆದಿರಬಹುದು. ಕೋರಿನ ಮುಖಕ್ಕೆ ಒಣಗಿದ ಹಿಪ್ಪುನೇರಳೆ ಎಲೆ, ಹುಲ್ಲಿನ ದೂಳು, ಕೆಲವೊಮ್ಮೆ ಇಲಿಯ ಗೂಡು ಅಡ್ಡ ಬಂದಿರಬಹುದು. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಬಿಟ್ಟು ಹೊರಗಿನ ಗಾಳಿ ಬರುವಂತೆ ಇಡಬೇಕು. ಚಳಿಯೆಂದು ಎಲ್ಲವನ್ನೂ ಮುಚ್ಚಿದರೆ ಉಸಿರಿನ ತೇವ ಒಳಗೇ ಸುತ್ತಿ ಮತ್ತೆ ಗಾಜಿಗೇ ಬರುತ್ತದೆ.

ಹೀಟರು ಕೆಟ್ಟಿದೆಯೆಂದು ಕೆಲವರು ಹುಡುಕಿಕೊಳ್ಳುವ ಇನ್ನೊಂದು ದಾರಿಯನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಗೂಡು ಮಾರುಕಟ್ಟೆಯ ಹೊರಗೋ ತರಕಾರಿ ಮಂಡಿಯ ಮುಂದೋ ರಾತ್ರಿ ಕಳೆಯಬೇಕಾದಾಗ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕ್ಯಾಬಿನ್ನಿನೊಳಗೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವುದು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ಮಂಪರು ಬಂದಾಗ ನಿದ್ದೆಯೆಂದು ಭಾವಿಸಿ ಮಲಗಿದವರು ಏಳುವುದಿಲ್ಲ. ಸೈಲೆನ್ಸರ್ ಸೋರುವ ಹಳೆಯ ಗಾಡಿಯಲ್ಲಿ ಎಂಜಿನ್ ಓಡಿಸಿಕೊಂಡು ಕಿಟಕಿ ಮುಚ್ಚಿ ಮಲಗುವುದೂ ಇದೇ ಅಪಾಯ.

ಕೂಲೆಂಟಿನ ಬಗ್ಗೆ ಮನೆಯವರು ತಿಳಿದಿರಬೇಕಾದ ಒಂದು ಸಂಗತಿ ಉಳಿಯಿತು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಸ್ವಲ್ಪ ಕುಡಿದರೂ ಮೂತ್ರಪಿಂಡ ಹೋಗುತ್ತದೆ. ಹಸಿರೋ ಕೆಂಪೋ ಬಣ್ಣದ ಆ ನೀರನ್ನು ಷರಬತ್ತಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಬಸಿದ ಹಳೆಯದನ್ನು ಅಂಗಳದ ಗುಂಡಿಯಲ್ಲಿ ಬಿಟ್ಟರೆ ನಾಯಿ, ದನ ನೆಕ್ಕುತ್ತವೆ. ಕೆರೆಯ ಕಾಲುವೆಗೆ ಚೆಲ್ಲಿದರೆ ಅದು ಹೋಗಿ ಸೇರುವುದು ಕೆರೆಗೇ. ಕ್ಯಾನಿನಲ್ಲಿ ಹಿಡಿದು, ಹಳೆಯ ಎಂಜಿನ್ ಆಯಿಲ್ಲಿಗೆ ಬೆರೆಸದೆ ಬೇರೆಯಾಗಿಟ್ಟು, ಕೂಲೆಂಟ್ ಬದಲಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಬೇಕು.